ಸಿಡಿಲಾಳಿನ ಹನ್ನೊಂದು ಸ್ವರ

ದುಶ್ಯಂತ್ ತರೀಕೆರೆಯಲ್ಲಿ ಹದಿನಾಲ್ಕು ವರ್ಷ ಮದುವೆ ವಿಡಿಯೋ ತೆಗೆದವನು. ಗಂಡು ಕಾರಿನಿಂದ ಇಳಿಯುವುದನ್ನು ಮೂರು ಕಡೆಯಿಂದ ಮೂರು ಸಲ, ನಿಧಾನಗತಿಯಲ್ಲಿ ತೋರಿಸುವುದರಲ್ಲಿ ಅವನು ಹೆಸರುವಾಸಿ. ಈಗ ಸಿನಿಮಾ ಮಾಡಿದ್ದ. ಗುಡ್ಡದ ಮೇಲೆ ಸಿಡಿಲು ಬಡಿದು ಅದ್ಭುತ ಶಕ್ತಿ ಪಡೆಯುವ ಯುವಕನ ಕತೆ, ಹೆಸರು ‘ಸಿಡಿಲಾಳು’. ಅವನ ಸ್ಟುಡಿಯೋದಲ್ಲಿ ಎರಡು ಗಂಟೆ ಹದಿನೆಂಟು ನಿಮಿಷ ಅದನ್ನು ನೋಡಿ ಮುಗಿಸಿದ ಮಾಯಾಗೆ, ಇದು ಅದೇ ಮದುವೆ ಗಂಡು, ಹೆಣ್ಣು ಮಾತ್ರ ಇಲ್ಲ ಅನ್ನಿಸಿತು.

ಮಾಯಾ ಕಡೂರಿನವಳು. ಮೈಸೂರಿನಲ್ಲಿ ಸಂಗೀತ ಓದಿದ್ದಳು. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಎರಡು ವರ್ಷ ಧಾರಾವಾಹಿಗಳಿಗೆ ಅಳುವ ಪಿಟೀಲು ಅಂಟಿಸಿ ಬೇಸತ್ತು ಊರಿಗೆ ಬಂದಿದ್ದಳು. ಮನೆಯ ಮಹಡಿಯ ಕೋಣೆಯ ಗೋಡೆಗಳಿಗೆ ಹಳೆ ಹಾಸಿಗೆ ಹೊಡೆದು, ಅಂಗಡಿಗಳ ಜಾಹೀರಾತಿಗೆ, ಕೃಷಿ ಇಲಾಖೆಯ ಕಿರುಚಿತ್ರಗಳಿಗೆ ಸಂಗೀತ ಮಾಡಿಕೊಡುತ್ತಿದ್ದಳು. ಇಪ್ಪತ್ತೊಂಬತ್ತನೇ ವಯಸ್ಸಿಗೆ ಅವಳಿಗೆ ತಿರಸ್ಕಾರ ಎನ್ನುವುದು ಒಂದು ಅಭ್ಯಾಸವೇ ಆಗಿತ್ತು. ಬೇರೆಯವರ ಸಂಗೀತ ಕೇಳುವಾಗ ಅವಳ ತುಟಿಯ ಒಂದು ಮೂಲೆ ತಾನಾಗಿ ಕೆಳಗಿಳಿಯುತ್ತಿತ್ತು. ಆದರೂ ಸಿನಿಮಾ ಎಂದಾಗ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಮೊದಲಿನ ಸಂಗೀತ ನಿರ್ದೇಶಕ ಜಗಳವಾಡಿ ಅರ್ಧಕ್ಕೇ ಬಿಟ್ಟು ಹೋಗಿದ್ದ. ಬಿಡುಗಡೆಗೆ ಇನ್ನು ಎರಡು ತಿಂಗಳೂ ಇರಲಿಲ್ಲ.

ಹೋದವನು ಒಂದು ವಸ್ತು ಬಿಟ್ಟು ಹೋಗಿದ್ದ: ಹೀರೋನ ಥೀಮ್. ಕೀಬೋರ್ಡಿನ ತುತ್ತೂರಿ, ಅದರ ಹಿಂದೆ ಕೀಬೋರ್ಡಿನದೇ ನೂರು ಜನರ ‘ಓ’ಕಾರ. ಒಟ್ಟು ಹನ್ನೊಂದು ಸ್ವರ. ಕೆಟ್ಟದ್ದೇನಲ್ಲ ಎಂದು ಮಾಯಾ ಒಳಗೊಳಗೇ ಒಪ್ಪಿಕೊಂಡಳು; ಒಂದು ಸಲ ಕೇಳುವುದಕ್ಕೆ. ದುಶ್ಯಂತ್ ಅದನ್ನು ತನ್ನ ಮೊಬೈಲಿನ ರಿಂಗ್‌ಟೋನ್ ಮಾಡಿಕೊಂಡಿದ್ದ. ಅವನಿಗೆ ದಿನಕ್ಕೆ ನಲವತ್ತು ಕರೆ ಬರುತ್ತಿದ್ದವು.

ಸಿನಿಮಾ ತೋರಿಸಿದ ಮೇಲೆ ಅವನು ಟೈಪ್ ಮಾಡಿದ ಪಟ್ಟಿಯೊಂದನ್ನು ಕೊಟ್ಟ. ಹೀರೋನ ಥೀಮ್ ಅರವತ್ನಾಲ್ಕು ಕಡೆ ಬರಬೇಕಿತ್ತು. ಹೀರೋ ಹಾರಿದಾಗ, ಇಳಿದಾಗ, ಬಸ್ ಹತ್ತಿದಾಗ, ಅವ್ವನ ಕೈಯಿಂದ ಮಜ್ಜಿಗೆ ಲೋಟ ತೆಗೆದುಕೊಂಡಾಗ. ಗೆಳೆಯನ ಹೆಣದ ಮುಂದೆ ನಿಂತಾಗಲೂ ಅದೇ ತುತ್ತೂರಿ.

ಹೆಣದ ಮುಂದೆ ಯಾಕೆ ಎಂದು ಮಾಯಾ ಕೇಳಿದಳು. ಹೀರೋ ಬಂದನಲ್ಲ, ಅದಕ್ಕೆ ಎಂದ ದುಶ್ಯಂತ್. ಯಾರು ಬಂದರು ಎನ್ನುವುದು ಜನರಿಗೆ ಕಣ್ಣು ಮುಚ್ಚಿಕೊಂಡಿದ್ದರೂ ಕಿವಿಯಲ್ಲೇ ಗೊತ್ತಾಗಬೇಕು, ದೊಡ್ಡ ದೊಡ್ಡ ಸೂಪರ್‌ಹೀರೋ ಸಿನಿಮಾಗಳೆಲ್ಲ ನಡೆಯುವುದೇ ಹಾಗೆ ಎಂದು ವಿವರಿಸಿದ.

“ಬಂದೋನಿಗೆ ಏನಾಗ್ತಿದೆ ಅನ್ನೋದು ಗೊತ್ತಾಗೋದು ಬೇಡ್ವಾ ಸಾರ್?” ಎಂದಳು ಮಾಯಾ.

“ಅದು ಮುಖದಲ್ಲೇ ಕಾಣುತ್ತಲ್ಲ ಮೇಡಂ.”

ಮಾಯಾ ಪರದೆಯ ಮೇಲೆ ನಿಂತುಹೋಗಿದ್ದ ಹೀರೋನ ಮುಖ ನೋಡಿದಳು. ಅದು ಕಡೂರಿನಲ್ಲಿ ಜಿಮ್ ನಡೆಸುವ ಸುದೀಪನ ಮುಖ. ಸಿನಿಮಾಗೆ ಬಂಡವಾಳ ಹಾಕಿದ ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಶಿವಮೂರ್ತಪ್ಪನವರ ಅಕ್ಕನ ಮಗ. ತೋಳು, ಎದೆ, ಕುತ್ತಿಗೆ ಎಲ್ಲವನ್ನೂ ಶ್ರದ್ಧೆಯಿಂದ ಬೆಳೆಸಿದ್ದ. ಮುಖದ ಕಡೆಗೆ ಗಮನ ಕೊಟ್ಟಿರಲಿಲ್ಲ. ಗೆಳೆಯ ಸತ್ತಾಗಲೂ ಮಜ್ಜಿಗೆ ಕುಡಿದಾಗಲೂ ಅದು ತೂಕ ಎತ್ತುವ ಮೊದಲಿನ ಒಂದೇ ಮುಖ.

ಪಟ್ಟಿಯ ಎರಡನೇ ಹಾಳೆಯಲ್ಲಿ ಖಳನಾಯಕ ಕಾಳನ ಥೀಮ್ ಇತ್ತು. ಇಪ್ಪತ್ತೊಂದು ಕಡೆ. ಎದುರಿಗೆ ‘ತಮಟೆ, ಜೋರಾಗಿ’ ಎಂದು ಬರೆದಿತ್ತು.

ಕಾಳ ಕಲ್ಲುಕ್ವಾರಿಯ ಕೂಲಿಯಾಳು. ಕ್ವಾರಿಯ ಸ್ಫೋಟದಲ್ಲಿ ಅವನ ಹೆಂಡತಿ ಸಾಯುತ್ತಾಳೆ, ಆಮೇಲೆ ಅವನಿಗೆ ಬಂಡೆ ಎತ್ತಿ ಎಸೆಯುವ ಬಲ ಬರುತ್ತದೆ, ಊರು ಹಾಳುಮಾಡಲು ಹೊರಡುತ್ತಾನೆ. ಆ ಪಾತ್ರ ಮಾಡಿದವನು ಅಜ್ಜಂಪುರದ ಭೈರೇಶ್, ಐವತ್ತೆಂಟು ವರ್ಷದ ಟೈಲರ್, ಹಳೆಯ ರಂಗನಟ. ನಾಟಕದವನು ಎಂದಾಗಲೇ ಮಾಯಾ ಹುಬ್ಬು ಏರಿಸಿದ್ದಳು. ಹಿಂದಿನ ಸಾಲಿನವರಿಗೂ ಕೇಳಲಿ ಎಂದು ಅರಚುವವನು ಇನ್ನೊಬ್ಬ ಎಂದುಕೊಂಡಿದ್ದಳು. ಆದರೆ ಸಿನಿಮಾದ ನಡುವೆ ಫ್ಲ್ಯಾಶ್‌ಬ್ಯಾಕ್ ಆಗಿ ಬರುವ, ಹೆಂಡತಿ ಸತ್ತ ದಿನದ ದೃಶ್ಯದಲ್ಲಿ ಅವನು ಒಂದು ಮಾತೂ ಆಡಿರಲಿಲ್ಲ. ಹೆಣ ಸಾಗಿಸಿ ಆಗಿದೆ. ಅವನು ಕ್ವಾರಿಯ ಅಂಚಿನಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಅವಳು ಮಧ್ಯಾಹ್ನಕ್ಕೆ ತಂದಿದ್ದ ಬುತ್ತಿಯ ಡಬ್ಬಿ. ತೆರೆಯುತ್ತಾನೆ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ತಿನ್ನುತ್ತಾನೆ. ಮೂರು ನಿಮಿಷ ಅಷ್ಟೇ. ಹಸಿದವನು ತಿನ್ನುವ ಹಾಗೇ ತಿನ್ನುತ್ತಾನೆ. ನಡುನಡುವೆ ದವಡೆ ನಿಂತುಹೋಗುತ್ತದೆ, ಮತ್ತೆ ಶುರುವಾಗುತ್ತದೆ.

ಆ ದೃಶ್ಯವನ್ನು ಇನ್ನೊಮ್ಮೆ ಹಾಕಲು ಮಾಯಾ ಕೇಳಿದಳು. ತುಟಿಯ ಮೂಲೆ ಕೆಳಗಿಳಿದಿರಲಿಲ್ಲ. ಇಂಥದ್ದನ್ನು ತೆಗೆದವನು ಈ ದುಶ್ಯಂತನೇ ಎಂದು ಅವಳಿಗೆ ನಂಬಲಾಗಲಿಲ್ಲ. ಆಮೇಲೆ ತಿಳಿಯಿತು, ಅವತ್ತು ದುಶ್ಯಂತ್ ಸುದೀಪನನ್ನು ಹಗ್ಗಕ್ಕೆ ಕಟ್ಟಿ ಹಾರಿಸುವುದರಲ್ಲಿದ್ದ, ಕ್ಯಾಮೆರಾ ಇಟ್ಟು ಭೈರೇಶನನ್ನು ಅವನ ಪಾಡಿಗೆ ಬಿಟ್ಟಿದ್ದರು.

ಪಟ್ಟಿಯ ಪ್ರಕಾರ ಅಲ್ಲಿ ಹದಿನಾಲ್ಕನೇ ತಮಟೆ ಬರಬೇಕಿತ್ತು.

“ಇಲ್ಲಿ ಬೇಡ ಸಾರ್,” ಎಂದಳು ಮಾಯಾ. “ಈ ಸೀನಲ್ಲಿ ಅವ್ನು ಇನ್ನೂ ವಿಲನ್ ಆಗಿಲ್ಲ. ಹೆಂಡ್ತಿ ಸತ್ತೋನು, ಅಷ್ಟೇ.”

“ಆಗ್ತಾನಲ್ಲ ಮೇಡಂ,” ಎಂದ ದುಶ್ಯಂತ್. ಜನ ಮೂರು ನಿಮಿಷ ಅವನ ಮೇಲೆ ಕನಿಕರ ಪಟ್ಟುಬಿಟ್ಟರೆ ಆಮೇಲೆ ಹೀರೋ ಹೊಡೆಯುವಾಗ ಶಿಳ್ಳೆ ಯಾರು ಹಾಕುತ್ತಾರೆ ಎನ್ನುವುದು ಅವನ ಚಿಂತೆ. ಅವಳು ಹೊರಡುವಾಗ ಇನ್ನೊಂದು ಮಾತು ಸೇರಿಸಿದ. “ತಮಟೆ ಕೀಬೋರ್ಡಿಂದು ಬೇಡ, ನಿಜವಾದ್ದೇ ಹೊಡ್ಸಿ. ನಿಮ್ ಕಡೆಯೋರೇ ಇರ್ತಾರಲ್ಲ, ನಿಮಗೆ ನಾನು ಹೇಳ್ಬೇಕಾ?”

ಅವನು ಅದನ್ನು ನಗುನಗುತ್ತಲೇ ಹೇಳಿದ. ಕೆಟ್ಟ ಮಾತು ಆಡಿದೆ ಎಂಬ ನೆರಳೂ ಮುಖದಲ್ಲಿರಲಿಲ್ಲ. ಮಾಯಾ ತನ್ನ ಜಾತಿಯ ಬಗ್ಗೆ ಅವನಿಗೆ ಯಾವತ್ತೂ ಹೇಳಿರಲಿಲ್ಲ. ಅವನು ಬೇರೆಯವರಿಂದ ಕೇಳಿ ತಿಳಿದುಕೊಂಡಿದ್ದ. ಅವಳು ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಕಡೂರು ಮುಟ್ಟುವ ಹೊತ್ತಿಗೆ ಅವಳು ನಿರ್ಧಾರ ಮಾಡಿ ಆಗಿತ್ತು: ಈ ಸಿನಿಮಾದಲ್ಲಿ ತಮಟೆ ಎಂಬುದು ಒಂದು ಏಟೂ ಕೇಳಬಾರದು. ಬುತ್ತಿಯ ದೃಶ್ಯಕ್ಕೆ ಹಾರ್ಮೋನಿಯಂನ ತಿದಿಯ ಉಸಿರು ಸಾಕು, ಸ್ವರವೂ ಬೇಡ.

ಭಾನುವಾರ ಬೆಳಿಗ್ಗೆ ತಿಂಡಿ ತಿನ್ನುವಾಗ ಅದನ್ನು ಅಪ್ಪನಿಗೆ ಹೇಳಿದಳು. ಲಕ್ಷ್ಮಣಪ್ಪ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಹುಟ್ಟಿದ್ದು ಪಂಚನಹಳ್ಳಿಯಲ್ಲಿ. ಅವರ ಅಪ್ಪ ಊರಿನ ತಮಟೆ ಬಾರಿಸುತ್ತಿದ್ದವರು; ಹತ್ತೊಂಬತ್ತನೇ ವಯಸ್ಸಿನವರೆಗೆ ಲಕ್ಷ್ಮಣಪ್ಪನೂ ಅಪ್ಪನ ಜೊತೆ ಬಾರಿಸಿದ್ದರು. ನೌಕರಿ ಸಿಕ್ಕ ಮೇಲೆ ಬಿಟ್ಟರು, ಆಮೇಲೆ ಬೌದ್ಧರಾದರು. ಮನೆಯಲ್ಲಿ ತಮಟೆಯ ಮಾತೇ ಬರುತ್ತಿರಲಿಲ್ಲ. ಮಾಯಾಗೆ ಅದು ಪಟ್ಟಿ ಕಟ್ಟಿದ ಹಳೆಯ ಗಾಯದ ಹಾಗೆ ಇತ್ತು. ಇದೆ ಎಂದು ಗೊತ್ತು, ತೆರೆದು ನೋಡಿಲ್ಲ.

ದುಶ್ಯಂತ್ ಹೇಳಿದ್ದನ್ನೆಲ್ಲ ಹೇಳಿ, ತಮಟೆಯನ್ನೇ ತೆಗೆದು ಹಾಕುತ್ತೇನೆ ಎಂದಳು. ಅಪ್ಪ ಖುಷಿಪಡುತ್ತಾರೆ ಎಂದುಕೊಂಡಿದ್ದಳು.

“ಯಾಕೆ ತೆಗೀತೀಯಾ?” ಎಂದರು ಲಕ್ಷ್ಮಣಪ್ಪ.

“ಅವ್ನು ಅದನ್ನ ಕೆಟ್ಟೋನಿಗೆ ಅಂತ ಇಟ್ಟಿದಾನಲ್ಲಪ್ಪ.”

“ಅವ್ನು ಕೆಟ್ಟದ್ದು ಅಂತ ಇಟ್ಟ, ನೀನು ಕೆಟ್ಟದ್ದು ಅಂತ ತೆಗ್ದೆ. ಇಬ್ರೂ ಒಂದೇ ಮಾತು ಹೇಳ್ದಂಗಾಯ್ತು.”

ಮಾಯಾಗೆ ಸಿಟ್ಟು ಬಂತು. ಹಾಗಲ್ಲ ಎಂದು ವಾದಿಸಿದಳು. ಬೇಕಾದ್ದು ದೃಶ್ಯಕ್ಕೆ ಹೊಂದುವ ಸಂಗೀತ, ಮನುಷ್ಯನ ಹಣೆಗೆ ಅಂಟಿಸುವ ಚೀಟಿಯಲ್ಲ, ತಮಟೆ ಎಂದರೆ ಅದೇ ಒಂದು ಬಡಿತ, ಅದರಲ್ಲಿ ದುಃಖ ಹೇಗೆ ಹೇಳುವುದು ಎಂದಳು. ಈ ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅಪ್ಪ ತಟ್ಟೆಯಿಂದ ಕೈ ತೆಗೆದರು. ಅವರ ಮುಖದಲ್ಲಿ ಕಂಡದ್ದು ನೋವಲ್ಲ. ತಿರಸ್ಕಾರ. ಮಗಳ ಮೇಲೆ ಅವರು ಅದನ್ನು ತೋರಿಸಿದ್ದು ಅದೇ ಮೊದಲು.

“ಒಂದೇ ಬಡಿತ ಅನ್ನೋರು ಕೇಳೇ ಇಲ್ಲ ಅಂತ ಅರ್ಥ,” ಎಂದರು. “ಮದ್ವೆಗೆ ಬೇರೆ, ಸಾವಿಗೆ ಬೇರೆ. ದೇವ್ರು ಹೊರಡುವಾಗ ಒಂದು, ಗುಡಿಗೆ ವಾಪಸ್ ಬರುವಾಗ ಇನ್ನೊಂದು. ಗೌಡ ಸತ್ರೂ ಅದೇ, ಕೂಲಿ ಸತ್ರೂ ಅದೇ. ಯಾರು ಅಂತ ತಮಟೆ ಹೇಳ್ತಿರ್ಲಿಲ್ಲ ಕಣಮ್ಮ. ಏನಾಯ್ತು ಅಂತ ಹೇಳ್ತಿತ್ತು. ಬಾರಿಸೋರು ಯಾರು ಅನ್ನೋದನ್ನ ಹಣೆಗೆ ಅಂಟಿಸ್ದೋರು ಊರೋರು.”

ಮಾಯಾ ಐದು ವರ್ಷ ಸಂಗೀತ ಓದಿದವಳು, ದುಶ್ಯಂತನ ಕಿವಿಯನ್ನು ಎರಡು ದಿನದಿಂದ ಹೀಯಾಳಿಸುತ್ತಿದ್ದವಳು, ತನ್ನ ಮನೆಯ ವಾದ್ಯದ ಬಗ್ಗೆ ಅವನಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ತಿಳಿದಿರಲಿಲ್ಲ. ತಮಟೆ ಬೇಡ ಎಂದದ್ದು ಸಂಗೀತದ ಲೆಕ್ಕದಿಂದಲ್ಲ, ನಾಚಿಕೆಯಿಂದ ಎಂಬುದು ಅವಳಿಗೆ ಆ ಕ್ಷಣ ಗೊತ್ತಾಯಿತು. ಅದು ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು.

ಕಲಿಸಿಕೊಡು ಎಂದು ಕೇಳಿದಳು. ಇನ್ನು ತಮಟೆಯ ಕೋಲು ಹಿಡಿಯುವುದಿಲ್ಲ ಎಂದು ತನ್ನ ಅಪ್ಪನ ಎದುರಿಗೇ ಹೇಳಿ ಬಂದವನು ತಾನು, ಆ ಮಾತು ಮುರಿಯಲಾರೆ ಎಂದರು ಲಕ್ಷ್ಮಣಪ್ಪ. ಆದರೆ ಟೇಬಲ್ಲಿನ ಮೇಲೆ ಬೆರಳಲ್ಲಿ ತೋರಿಸಬಲ್ಲೆ, ಹೊಡೆಯುವವಳು ನೀನು ಎಂದರು.

ಮಾರನೆಯ ದಿನ ಅವಳು ಪಂಚನಹಳ್ಳಿಗೆ ಹೋಗಿ ಚಿಕ್ಕಪ್ಪನ ಮಗ ಚಂದ್ರಕುಮಾರನ ಮನೆಯಿಂದ ಹಳೆಯ ಚರ್ಮದ ತಮಟೆಯೊಂದನ್ನು ತಂದಳು. ಅವನ ತಮಟೆ ತಂಡದವರು ಈಗ ಫೈಬರಿನದ್ದು ಬಾರಿಸುತ್ತಿದ್ದರು. ಇದು ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಎಂಟು ದಿನ, ತಿಂಡಿಯಾದ ಮೇಲೆ, ಅಪ್ಪ ಮಹಡಿಗೆ ಬಂದು ಟೇಬಲ್ಲಿನ ಮೇಲೆ ಎರಡು ಬೆರಳಲ್ಲಿ ಕುಟ್ಟುತ್ತಿದ್ದರು. ಮಗಳು ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ ಹಿಡಿದು ಅದನ್ನು ಹಿಂಬಾಲಿಸುತ್ತಿದ್ದಳು. ಅವರು ಒಳ್ಳೆಯ ಮೇಷ್ಟ್ರಲ್ಲ. ತಪ್ಪಿದಾಗ ಬೈಯುತ್ತಿರಲಿಲ್ಲ, ಸುಮ್ಮನೆ ಎದ್ದು ಕೆಳಗೆ ಹೋಗಿಬಿಡುತ್ತಿದ್ದರು. ತಾಯಿ ಈಶ್ವರಮ್ಮ ಕೆಳಗಿನಿಂದ, ಅಕ್ಕಪಕ್ಕದವರು ಏನಂದುಕೊಂಡಾರು ಎಂದು ಎರಡು ದಿನ ಹೇಳಿ, ಮೂರನೇ ದಿನ ಬಿಟ್ಟರು.

ಬುತ್ತಿಯ ದೃಶ್ಯಕ್ಕೆ ಮಾಯಾ ಸಾವಿನ ಗತ್ತನ್ನು, ಹೆಣದ ಮುಂದೆ ಬಾರಿಸುವ ಬಡಿತವನ್ನು, ತೆಗೆದುಕೊಂಡಳು. ಮೊದಲು ಪೂರ್ತಿ ಬಾರಿಸಿ ನೋಡಿದಳು, ಅದು ಮೆರವಣಿಗೆಯಾಯಿತು. ದವಡೆ ಆಡಿದಾಗಲೆಲ್ಲ ಒಂದು ಏಟು ಇಟ್ಟಳು, ಅದು ಅಣಕವಾಯಿತು. ಕೊನೆಗೆ ಎಲ್ಲ ತೆಗೆದು, ಭೈರೇಶ್ ಅಗಿಯುವುದನ್ನು ನಿಲ್ಲಿಸುವ ಜಾಗಗಳಲ್ಲಿ ಮಾತ್ರ ಒಂದೊಂದು ಏಟು ಉಳಿಸಿದಳು. ಬೆಂಕಿಗೆ ಕಾಯಿಸದ ಚರ್ಮ, ಮಂಕು ಸದ್ದು. ಮೂರು ನಿಮಿಷಕ್ಕೆ ನಾಲ್ಕು ಏಟು. ಹೀರೋನ ತುತ್ತೂರಿಯನ್ನು ಅರವತ್ನಾಲ್ಕರಿಂದ ಐದಕ್ಕೆ ಇಳಿಸಿದಳು. ಗೆಳೆಯನ ಹೆಣದ ಮುಂದೆ ಏನೂ ಇಡಲಿಲ್ಲ, ಗಾಳಿಯ ಸದ್ದು ಬಿಟ್ಟು. ಕಾಳನ ಉಳಿದ ದೃಶ್ಯಗಳಲ್ಲಿ ಅಲ್ಲಲ್ಲಿಗೆ ಬೇಕಾದ್ದು. ಥೀಮ್ ಎಂಬುದೇ ಇಲ್ಲ.

ದುಶ್ಯಂತ್ ಅದನ್ನು ತನ್ನ ಸ್ಟುಡಿಯೋದಲ್ಲಿ ಕಾಲ ಮೇಲೆ ಕಾಲು ಹಾಕಿ ಕೇಳಿದ. ಹೆಣದ ದೃಶ್ಯ ಬಂದಾಗ, ಸ್ಪೀಕರ್ ಕೆಟ್ಟಿದೆಯಾ ಎಂದು ಎಡಿಟರ್‌ನನ್ನು ಕೇಳಿದ. ಬುತ್ತಿಯ ದೃಶ್ಯ ಮುಗಿದಾಗ ಬಾಯಿಬಿಟ್ಟು ನಕ್ಕ.

“ನಾಲ್ಕ್ ಏಟು. ನಾಲ್ಕ್ ಏಟಿಗೆ ಇಷ್ಟು ದಿನ ಬೇಕಾಯ್ತಾ ಮೇಡಂ?”

ಅದು ನಾಲ್ಕೇ ಆಗುವುದಕ್ಕೆ ಅಷ್ಟು ದಿನ ಬೇಕಾಯಿತು ಎಂದಳು ಮಾಯಾ. ಅವನಿಗೆ ಅರ್ಥವಾಗಲಿಲ್ಲ. ಇದೇನು ಪ್ರಶಸ್ತಿಗೆ ಕಳಿಸುವ ಸಿನಿಮಾ ಅಲ್ಲ, ಇದು ಜನ ನೋಡುವ ಸಿನಿಮಾ ಎಂದ. ಜನರನ್ನು ನೀವು ಬಹಳ ದಡ್ಡರು ಅಂದುಕೊಂಡಿದ್ದೀರಿ ಎಂದು ಅವಳೂ, ಜನರೇ ನಿಮಗೆ ಗೊತ್ತಿಲ್ಲ ಎಂದು ಅವನೂ ಹೇಳಿದರು. ಅವಳು ಕೊಟ್ಟಿದ್ದನ್ನು ಪಕ್ಕಕ್ಕೆ ಸರಿಸಿ, ಎಡಿಟರ್ ಕೈಯಲ್ಲಿ ತುತ್ತೂರಿಯನ್ನು ಅರವತ್ನಾಲ್ಕು ಕಡೆ ತಾನೇ ಹಾಕಿಸಿದ. ಇಪ್ಪತ್ತೊಂದು ಕಡೆಗೆ ಇಂಟರ್ನೆಟ್ಟಿನಿಂದ ಯಾವ ದೇಶದ್ದೋ ಡೋಲಿನ ಸದ್ದು ತಂದು ತಮಟೆ ಎಂದು ಸೇರಿಸಿದ.

ಹೀಗೆ ಸಿದ್ಧವಾದ ಸಿನಿಮಾವನ್ನು ಅಜ್ಜಂಪುರದಲ್ಲಿ ಶಿವಮೂರ್ತಪ್ಪನವರದೇ ಕಲ್ಯಾಣ ಮಂಟಪದಲ್ಲಿ, ಒಂದು ಭಾನುವಾರ ಹನ್ನೊಂದು ಗಂಟೆಗೆ ಆಪ್ತರಿಗೆಂದು ತೋರಿಸಿದರು. ನೂರೈವತ್ತು ಪ್ಲಾಸ್ಟಿಕ್ ಕುರ್ಚಿ. ಕಿಟಕಿಗಳಿಗೆ ಕಪ್ಪು ಬಟ್ಟೆ. ಮಾಯಾ ಬೀರೂರಿನಿಂದ ರೈಲು ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತಳು. ಏನಾಗಬಹುದು ಎಂದು ನೋಡುವ ಒಂದು ಕೆಟ್ಟ ಆಸೆ ಅವಳಿಗೆ ಇತ್ತು, ಅದನ್ನು ಅವಳು ತನ್ನಿಂದ ಮುಚ್ಚಿಟ್ಟುಕೊಳ್ಳಲಿಲ್ಲ.

ಮೊದಲ ಸಲ ತುತ್ತೂರಿ ಬಂದಾಗ ಶಿಳ್ಳೆ ಬಿತ್ತು. ಐದನೇ ಸಲಕ್ಕೂ ಬಿತ್ತು. ಹನ್ನೆರಡರ ಹೊತ್ತಿಗೆ ಜನ ಸುಮ್ಮನಾದರು. ಇಪ್ಪತ್ತರ ಹೊತ್ತಿಗೆ ಬಲಗಡೆಯ ಒಂದು ಗುಂಪು ತುತ್ತೂರಿಯ ಜೊತೆ ಬಾಯಲ್ಲೇ ಊದತೊಡಗಿತು. ಮಜ್ಜಿಗೆ ಲೋಟಕ್ಕೆ ಹನ್ನೊಂದು ಸ್ವರ ಮೊಳಗಿದಾಗ ಇಡೀ ಮಂಟಪ ನಕ್ಕಿತು. ಗೆಳೆಯನ ಹೆಣದ ಮುಂದೆಯೂ ನಕ್ಕಿತು. ಅಲ್ಲಿಂದಾಚೆಗೆ ನಗು ನಿಲ್ಲಲೇ ಇಲ್ಲ. ಡೋಲು ಬಂದರೆ “ಬಂದ ಕಣ್ರೋ” ಎಂದು ಯಾರೋ ಕೂಗುವುದು, ಉಳಿದವರು ನಗುವುದು.

ಬುತ್ತಿಯ ದೃಶ್ಯ ಬಂತು. ಡೋಲು ಜೋರಾಗಿ ಬಡಿಯಿತು. ಜನ ಅಭ್ಯಾಸದಂತೆ ನಕ್ಕರು. ಭೈರೇಶ್ ಪರದೆಯ ಮೇಲೆ ಸತ್ತ ಹೆಂಡತಿಯ ರೊಟ್ಟಿ ಮುರಿಯುತ್ತಿದ್ದ. ಜನ ಅವನು ಅಗಿಯುವುದಕ್ಕೆ ತಾಳ ಹಾಕುತ್ತಿದ್ದರು.

ಮೂರನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬರು ಎದ್ದು, ಯಾರ ಕಾಲೂ ತುಳಿಯದಂತೆ ಪಕ್ಕಕ್ಕೆ ಸರಿಯುತ್ತಾ ಹೊರಗೆ ನಡೆದರು. ಅದು ಭೈರೇಶ್. ನೋಡುವ ಆಸೆಯೇನಿತ್ತೋ ಅದು ಮಾಯಾಳಲ್ಲಿ ಅಲ್ಲಿಗೆ ಸತ್ತಿತು. ತಾನು ಬಂದದ್ದು ದುಶ್ಯಂತನ ಮೇಲೆ ನಗುವುದಕ್ಕೆ. ನಗು ಬಿದ್ದದ್ದು ಇವರ ಮೇಲೆ.

ಅವಳೂ ಎದ್ದು ಹೋದಳು. ಊಟದ ಹಾಲಿನ ಹಿಂದೆ, ಕೈತೊಳೆಯುವ ನಲ್ಲಿಗಳ ಸಾಲಿನ ಹತ್ತಿರ ಅವರು ಕಟ್ಟೆಯ ಮೇಲೆ ಕೂತಿದ್ದರು. ತಾನು ಯಾರು ಎಂದು ಮಾಯಾ ಹೇಳಿಕೊಂಡಳು. ಈ ಸಂಗೀತ ನೀನೇ ಮಾಡಿದ್ದಾ ಎಂದು ಅವರು ಕೇಳಿದರು. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಕೆಟ್ಟದಾಗಿ ಹೊಲಿದ ಅಂಗಿ ಯಾರದ್ದು ಎಂದು ಕೇಳುವ ಟೈಲರ್‌ನ ಧ್ವನಿ ಅದು. ಅಲ್ಲ ಎಂದಳು. ಮೊಬೈಲಿನಲ್ಲಿ ತನ್ನ ಪ್ರತಿ ತೆರೆದು, ಇಯರ್‌ಫೋನ್ ಅವರ ಕೈಗೆ ಕೊಟ್ಟಳು.

ಭೈರೇಶ್ ಮೂರು ನಿಮಿಷ ಅಲ್ಲಾಡದೆ ನೋಡಿದರು. ಇನ್ನೊಮ್ಮೆ ಹಾಕು ಎಂದರು. ಎರಡನೇ ಸಲ ಮುಗಿದ ಮೇಲೆ ಇಯರ್‌ಫೋನ್ ತೆಗೆದು ತಂತಿಯನ್ನು ನಾಜೂಕಾಗಿ ಸುತ್ತಿದರು.

“ನಾನು ನಿಲ್ಸಿದ್ದು ನಾಲ್ಕೇ ಸಲ. ಅದನ್ನ ಅಲ್ಲಿ ಇದ್ದೋರು ಯಾರೂ ನೋಡಿಲ್ಲ ಕಣಮ್ಮ,” ಎಂದರು. ಇಪ್ಪತ್ತೈದು ವರ್ಷ ನಾಟಕದಲ್ಲಿ ಖಳನ ಪಾತ್ರವನ್ನೇ ಮಾಡಿದ್ದೇನೆ, ಪರದೆ ಸರಿಯುವ ಮೊದಲೇ ಜನ ಬೈಯುತ್ತಿದ್ದರು, ಬೈಸಿಕೊಳ್ಳುವುದು ಕಷ್ಟವಲ್ಲ, ಆದರೆ ಇದಕ್ಕೆ ನಗುತ್ತಾರಲ್ಲ ಎಂದರು. ಆಮೇಲೆ, ಯೋಚಿಸಿದ ಹಾಗೆ ಕಾಣಿಸದೆ, ತಾನಿನ್ನೂ ಡಬ್ಬಿಂಗ್ ಮಾಡಿಲ್ಲ ಎಂಬ ಸಂಗತಿ ಹೇಳಿದರು. ಇವತ್ತು ತೋರಿಸಿದ್ದರಲ್ಲಿ ಇದ್ದದ್ದು ಶೂಟಿಂಗಿನ ಸ್ಥಳದಲ್ಲಿ ಸಿಕ್ಕ ದನಿ. ಅವರ ದನಿಯಿಲ್ಲದೆ ಸಿನಿಮಾ ಹೊರಗೆ ಹೋಗುವಂತಿರಲಿಲ್ಲ.

ಸಿನಿಮಾ ಮುಗಿದ ಮೇಲೆ ಮಂಟಪದ ಆಫೀಸಿನಲ್ಲಿ ಐದು ಜನ ಸೇರಿದರು. ಶಿವಮೂರ್ತಪ್ಪ ಮೇಜಿನ ಹಿಂದೆ, ದುಶ್ಯಂತ್ ಮತ್ತು ಸುದೀಪ್ ಅವರ ಪಕ್ಕದಲ್ಲಿ, ಎದುರಿಗೆ ಭೈರೇಶ್ ಮತ್ತು ಮಾಯಾ. ಜನ ನಕ್ಕಿದ್ದು ಯಾಕೆ ಎಂದು ಶಿವಮೂರ್ತಪ್ಪ ಕೇಳಿದರು. ಎಂಜಾಯ್ ಮಾಡಿದರು ಸಾರ್ ಎಂದ ದುಶ್ಯಂತ್.

“ಇಲ್ಲಿ ದಿನಾ ಒಂದು ಮದ್ವೆ ನೋಡ್ತೀನಿ ಕಣಯ್ಯಾ,” ಎಂದರು ಶಿವಮೂರ್ತಪ್ಪ. “ಖುಷಿಗೆ ನಗೋದು ಯಾವ್ದು, ಆಡ್ಕೊಂಡು ನಗೋದು ಯಾವ್ದು ನಂಗೂ ಗೊತ್ತಾಗುತ್ತೆ.”

ಹಾಗಾದರೆ ತಪ್ಪು ಸಂಗೀತದವರದು ಎಂದು ದುಶ್ಯಂತ್ ಮಾಯಾ ಕಡೆಗೆ ಕೈ ತೋರಿಸಿದ. ಅಷ್ಟರಲ್ಲಿ ಭೈರೇಶ್ ತಮ್ಮ ಮಾತು ಹೇಳಿದರು. ಬುತ್ತಿಯ ದೃಶ್ಯಕ್ಕೆ ಈ ಹುಡುಗಿ ಮಾಡಿದ್ದೇ ಇರಬೇಕು. ಇಲ್ಲದಿದ್ದರೆ ತಾನು ಡಬ್ಬಿಂಗಿಗೆ ಬರುವುದಿಲ್ಲ. ದನಿ ಏರಿಸಲಿಲ್ಲ, ಎರಡನೇ ಸಲ ಹೇಳಲಿಲ್ಲ. ಒಂದೇ ದೃಶ್ಯ ತಾನೆ, ಇರಲಿ ಬಿಡು ಎಂದರು ಶಿವಮೂರ್ತಪ್ಪ. ತುತ್ತೂರಿ ಕಡಿಮೆ ಮಾಡೋಣವೇ ಎಂಬ ಮಾತೂ ಬಂತು. ಆಗ ಸುದೀಪ್, ಆವರೆಗೆ ಬಾಯಿಬಿಡದವನು, ತನ್ನ ಮ್ಯೂಸಿಕ್ ಮುಟ್ಟಬೇಡಿ ಮಾವ ಎಂದ. ಆ ಮಾತು ಅಲ್ಲಿಗೆ ಮುಗಿಯಿತು.

ಮಾಯಾ ಉಳಿದ ಇಪ್ಪತ್ತು ಕಡೆಯ ಡೋಲನ್ನೂ ತೆಗೆಯಬೇಕು ಎಂದಳು. ಇಲ್ಲದಿದ್ದರೆ ತನ್ನ ಹೆಸರು ಬೇಡ, ಬುತ್ತಿಯ ದೃಶ್ಯದ ಸಂಗೀತವೂ ಸಿಗುವುದಿಲ್ಲ. ದುಶ್ಯಂತ್‌ಗೆ ತಾಳ್ಮೆ ತಪ್ಪಿತು. ವಿಲನ್‌ಗೆ ತಮಟೆ ಇದ್ದರೆ ನಿಮಗೇನು ತೊಂದರೆ ಎಂದು ಕೇಳಿದ.

“ನೀವು ತೆಗ್ದಿರೋ ಮದ್ವೆ ವಿಡಿಯೋಗಳಲ್ಲಿ ಗಂಡಿನ ಮುಂದೆ ಬಾರಿಸೋದೂ ತಮಟೇನೇ,” ಎಂದಳು ಮಾಯಾ. “ಅಲ್ಲಿ ಮದ್ವೆ ಗಂಡು ವಿಲನ್ ಅನ್ನಿಸ್ಲಿಲ್ವಲ್ಲ ನಿಮಗೆ. ಇಲ್ಲಿ ಕೂಲಿಯೋನು ಬಂದ ತಕ್ಷಣ ಯಾಕನ್ನಿಸ್ತು? ‘ನಿಮ್ ಕಡೆಯೋರು’ ಅಂದ್ರಲ್ಲ ಅವತ್ತು. ಆ ಮಾತು ಇಲ್ಲಿ ಎಲ್ರೆದುರು ಇನ್ನೊಂದ್ ಸಲ ಹೇಳಿ ಸಾರ್.”

ದುಶ್ಯಂತ್ ತಾನು ಹಾಗೆ ಯಾವ ಅರ್ಥದಲ್ಲೂ ಅಂದಿರಲಿಲ್ಲ ಎಂದ. ಶಿವಮೂರ್ತಪ್ಪ ಮೇಜಿನ ಮೇಲಿನ ಗಾಜನ್ನು ಅಂಗೈಯಿಂದ ಒರೆಸುತ್ತಾ, ನಾಳೆ ಯಾರಾದರೂ ಇದಕ್ಕೆ ಗಲಾಟೆ ಎಬ್ಬಿಸಿದರೆ ಕಷ್ಟ, ತೆಗೆದುಹಾಕು ಎಂದರು. ನ್ಯಾಯ ಎಂದು ಅವರು ಒಪ್ಪಿದ್ದಲ್ಲ, ತಲೆನೋವು ಎಂದು ಒಪ್ಪಿದ್ದು. ಅದು ಮಾಯಾಗೂ ಗೊತ್ತಿತ್ತು. ಸಿಕ್ಕಿದ್ದನ್ನು ತೆಗೆದುಕೊಂಡಳು. ಡೋಲು ಹೋದ ಇಪ್ಪತ್ತು ಕಡೆಗೂ ದುಶ್ಯಂತ್ ಆಮೇಲೆ ತೋಳ ಊಳಿಡುವ ಸದ್ದು ಹಾಕಿಸಿದ.

ಸಿನಿಮಾ ತರೀಕೆರೆಯಲ್ಲಿ ಬಿಡುಗಡೆಯಾದ ಎರಡನೇ ದಿನ ಮಾಯಾ ಅಪ್ಪನ ಜೊತೆ ಮಧ್ಯಾಹ್ನದ ಆಟಕ್ಕೆ ಹೋದಳು. ಥಿಯೇಟರ್ ಅರ್ಧ ತುಂಬಿತ್ತು. ತುತ್ತೂರಿಗೆ ಶಿಳ್ಳೆ, ಆಮೇಲೆ ಮೌನ, ಆಮೇಲೆ ನಗು, ಎಲ್ಲ ಅಜ್ಜಂಪುರದ ಕ್ರಮದಲ್ಲೇ ನಡೆಯಿತು. ತೋಳ ಊಳಿಟ್ಟಾಗ ಬಾಲ್ಕನಿಯಿಂದ ಯಾರೋ ನಾಯಿಯ ಹಾಗೆ ಉತ್ತರ ಕೊಟ್ಟರು. ಲಕ್ಷ್ಮಣಪ್ಪ ಕೈಕಟ್ಟಿ ಕೂತು, ಅಂಚೆ ಕಚೇರಿಯಲ್ಲಿ ವಿಳಾಸವಿಲ್ಲದ ಕಾಗದ ನೋಡುವಂತೆ ಪರದೆ ನೋಡುತ್ತಿದ್ದರು.

ಬುತ್ತಿ ತೆರೆಯಿತು. ಜನ ನಗಲು ಸಿದ್ಧರಾಗಿಯೇ ಇದ್ದರು, ಒಂದಿಬ್ಬರು ಶುರುವೂ ಮಾಡಿದರು. ನಗಲು ಯಾವ ಸನ್ನೆಯೂ ಬರಲಿಲ್ಲ. ಭೈರೇಶ್ ರೊಟ್ಟಿ ಮುರಿದರು, ಚಟ್ನಿ ಸವರಿದರು, ಅಗಿದರು. ದವಡೆ ನಿಂತಿತು. ಎಲ್ಲಿಂದಲೋ ಒಂದು ಮಂಕಾದ ಏಟು. ನಗುತ್ತಿದ್ದವರು ನಿಲ್ಲಿಸಿದರು. ಎರಡನೇ ಏಟಿನ ಹೊತ್ತಿಗೆ ಫ್ಯಾನುಗಳ ಸದ್ದು ಕೇಳಿಸತೊಡಗಿತು. ಮಾಯಾ ಪರದೆ ನೋಡಲಿಲ್ಲ, ಮುಂದಿನ ಸಾಲಿನವರ ತಲೆಗಳನ್ನು ನೋಡುತ್ತಿದ್ದಳು. ಒಂದೂ ಅಲ್ಲಾಡಲಿಲ್ಲ. ನಾಲ್ಕನೇ ಏಟಾದ ಮೇಲೆ ಯಾರೋ ಹೆಂಗಸು ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಮರುಕ್ಷಣ ಸುದೀಪ್ ಆಕಾಶದಿಂದ ಇಳಿದ. ಹನ್ನೊಂದು ಸ್ವರ ಮೊಳಗಿದವು. ಥಿಯೇಟರ್ ತಡೆದುಕೊಂಡಿದ್ದ ನಗುವನ್ನೆಲ್ಲ ಒಟ್ಟಿಗೆ ಬಿಟ್ಟಿತು.

ಹೊರಗೆ ಬಂದ ಮೇಲೆ ಮಾಯಾ ಅಪ್ಪನ ಮಾತಿಗೆ ಕಾದಳು. ಅವರು ಬಸ್ ಸ್ಟ್ಯಾಂಡಿನವರೆಗೆ ನಡೆದು, ಕಡೂರಿನ ಬಸ್ಸಿನ ಬೋರ್ಡು ಓದಿ, ಆಮೇಲೆ, ಮೂರನೇ ಏಟು ಒಂಚೂರು ಬೇಗ ಬಿತ್ತು ಎಂದರು. ಅವಳಿಗೆ ಅದು ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು.

ಸಿನಿಮಾ ತರೀಕೆರೆಯಲ್ಲಿ ಒಂಬತ್ತು ದಿನ, ಕಡೂರಿನಲ್ಲಿ ನಾಲ್ಕು ದಿನ ಓಡಿತು. ನೋಡಿದವರು ಹೀರೋನನ್ನು ಆಡಿಕೊಂಡು, ಬುತ್ತಿಯ ದೃಶ್ಯದ ಬಗ್ಗೆ ಮಾತ್ರ ಬೇರೆ ದನಿಯಲ್ಲಿ ಮಾತಾಡಿದರು. ಆ ಮೂರು ನಿಮಿಷವನ್ನು ಯಾರೋ ಮೊಬೈಲಿನಲ್ಲಿ ಕದ್ದು ತೆಗೆದು ಹಾಕಿದ್ದು ಊರೂರು ಸುತ್ತಿತು. ಹತ್ತು ದಿನದ ಮೇಲೆ ಒಂದು ಯೂಟ್ಯೂಬ್ ಚಾನೆಲ್ಲಿನಲ್ಲಿ ದುಶ್ಯಂತನ ಸಂದರ್ಶನ ಬಂತು. ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಆ ದೃಶ್ಯಕ್ಕೆ ಥೀಮ್ ಬೇಡ ಎಂದು ಮೊದಲ ದಿನವೇ ತಾನು ಹಠ ಹಿಡಿದಿದ್ದಾಗಿಯೂ, ಪಾತ್ರಕ್ಕಿಂತ ಭಾವನೆ ಮುಖ್ಯ ಎಂಬುದೇ ತನ್ನ ಸಿದ್ಧಾಂತವೆಂದೂ, ಸಂಗೀತದವರಿಗೆ ಅದನ್ನು ಅರ್ಥಮಾಡಿಸುವಷ್ಟರಲ್ಲಿ ಸಾಕುಸಾಕಾಯಿತೆಂದೂ ಹೇಳಿದ. ಮಾಯಾ ಅದನ್ನು ಕೊನೆಯವರೆಗೂ ನೋಡಿದಳು. ಸಿಟ್ಟು ಬರಬಹುದು ಎಂದು ಕಾದಳು; ಬರಲಿಲ್ಲ. ಸಿಟ್ಟಿನಷ್ಟು ದೊಡ್ಡದು ಹಿಡಿಸುವ ಜಾಗ ಅವನಲ್ಲಿ ಇರಲಿಲ್ಲ.

ಮರುವಾರ ಅವನೇ ಕರೆ ಮಾಡಿದ. ಎರಡನೇ ಭಾಗ ಮಾಡುತ್ತಿದ್ದೇನೆ, ಈ ಸಲ ಪೂರ್ತಿ ಭಾವನೆಯೇ, ಎಲ್ಲಾ ದೃಶ್ಯಕ್ಕೂ ಅಂಥ ನಾಲ್ಕು ನಾಲ್ಕು ಏಟು ಹಾಕಿಕೊಡಿ ಎಂದ. ಎಷ್ಟು ಕಡೆ ಬೇಕು ಎಂದು ಪಟ್ಟಿಯನ್ನೂ ಆಗಲೇ ಮಾಡಿಟ್ಟಿದ್ದನಂತೆ.

ಬೇರೆಯವರನ್ನು ನೋಡಿಕೊಳ್ಳಿ ಎಂದಳು ಮಾಯಾ.

“ನಿಮಗೆ ಸ್ವಲ್ಪ ಕೊಬ್ಬು ಜಾಸ್ತಿ ಆಯ್ತು ಮೇಡಂ,” ಎಂದ ದುಶ್ಯಂತ್.

“ಮುಂಚೆಯಿಂದ್ಲೂ ಇದೆ ಸಾರ್,” ಎಂದು ಅವಳು ಫೋನಿಟ್ಟಳು. ಕೆಳಗೆ ಭೈರೇಶ್ ಬಂದಿದ್ದರು. ಅಜ್ಜಂಪುರದಲ್ಲಿ ಹೊಸ ನಾಟಕವೊಂದಕ್ಕೆ ಸಂಗೀತ ಬೇಕಿತ್ತು. ಈ ಸಲ ತನ್ನದು ಖಳನ ಪಾತ್ರವಲ್ಲ, ಊರಿನ ಅಮಲ್ದಾರನದ್ದು, ಅವನು ಒಳ್ಳೆಯವನೋ ಕೆಟ್ಟವನೋ ಇನ್ನೂ ಗೊತ್ತಾಗಿಲ್ಲ ಎಂದು ಅವರು ಈಶ್ವರಮ್ಮನಿಗೆ ಹೇಳುತ್ತಿದ್ದರು. ಮಾಯಾ ಮೆಟ್ಟಿಲಿಳಿದು ಬಂದು, ಮೊದಲ ದೃಶ್ಯದಲ್ಲಿ ಅವನಿಗೆ ಏನಾಗುತ್ತದೆ ಎಂದು ಕೇಳಿದಳು.